ಸದ್ದಿಲ್ಲದ ಈಜು

ಮಸಿನಗುಡಿಯ ಹತ್ತಿರದ ಮಾವನಲ್ಲ ಎಂಬ ಊರಿನ ಆಚೆ, ಡಾಂಬರು ರಸ್ತೆ ಮುಗಿದು ಜೀಪಿನ ಹಾದಿ ಶುರುವಾಗುವ ಕಡೆ, ಹಳ್ಳದ ದಂಡೆಯಲ್ಲಿ ಒಂದು ಹಾಡಿ ಇದೆ. ಆ ಹಾಡಿಯಲ್ಲಿ ಕುಂಜಿಯಷ್ಟು ಚೆನ್ನಾಗಿ ಈಜುವವರು ಗಂಡಸರಲ್ಲೂ ಇಲ್ಲ. ಈ ಮಾತು ಬಂದರೆ ಗಂಡಸರು ಗಂಟಲು ಸರಿಮಾಡಿಕೊಂಡು ಮಳೆಯ ಸುದ್ದಿ ಎತ್ತುತ್ತಾರೆ. ಎತ್ತಿಕೊಳ್ಳಲಿ, ಅದರಿಂದ ಅವರ ಈಜೇನೂ ಸುಧಾರಿಸುವುದಿಲ್ಲ.

ಹಾಗೆಂದು ಅವಳ ಈಜನ್ನು ನೋಡಲು ಹೋದರೆ ನಿಮಗೆ ನಿರಾಸೆಯಾದೀತು. ಕೈ ಬಡಿಯುವುದಿಲ್ಲ, ಕಾಲು ಬಡಿಯುವುದಿಲ್ಲ, ನೊರೆ ಏಳುವುದಿಲ್ಲ. ಒಂದು ತಲೆ ಈ ದಂಡೆಯಿಂದ ಆ ದಂಡೆಗೆ ಹೋಗುತ್ತದೆ, ಅಷ್ಟೆ. ಕೊಂಬೆಯ ಮೇಲೆ ಕೂತ ಮಿಂಚುಳ್ಳಿಗೂ ಅದು ತಿಳಿಯುವುದಿಲ್ಲ. ನಿಂತ ನೀರಾಗಲಿ, ಹರಿಯುವ ನೀರಾಗಲಿ, ಕುಂಜಿ ಇಳಿದರೂ ಸದ್ದಿಲ್ಲ, ಎದ್ದರೂ ಸದ್ದಿಲ್ಲ.

ಹಾಗೆ ಕಲಿಸಿದವನು ಅವಳ ಅಪ್ಪ ಕರಿಯ. ಅವನು ಆಗ ಊರವರ ದನ ಮೇಯಿಸುತ್ತಿದ್ದ. ಹುಲ್ಲು ಇದ್ದದ್ದು ಹಳ್ಳದ ಆಚೆ ದಡದಲ್ಲಿ. ಬೆಳಿಗ್ಗೆ ದನಗಳನ್ನು ನೀರಿಗೆ ಇಳಿಸಿ, ಹಿಂದಿನ ಎಮ್ಮೆಯ ಬಾಲವನ್ನು ಮಗಳ ಕೈಗೆ ಕೊಟ್ಟು, ತಾನು ಪಕ್ಕದಲ್ಲಿ ಈಜುತ್ತ ಹೋಗುತ್ತಿದ್ದ. ಕೆಲವು ದಿನ ಕಳೆದ ಮೇಲೆ ನಡುನೀರಿನಲ್ಲಿ ಆ ಬಾಲವನ್ನು ಬಿಡಿಸಿಬಿಟ್ಟ. ಕುಂಜಿ ಮುಳುಗಿದಳು, ಎದ್ದಳು, ನೀರು ಕುಡಿದಳು, ಕೈಕಾಲು ಬಡಿದಳು. ಹೇಗೋ ದಡ ಸೇರಿದ ಮಗಳಿಗೆ ಅಪ್ಪನಿಂದ ಸಿಕ್ಕಿದ್ದು ಶಹಬ್ಬಾಸ್ ಅಲ್ಲ, ಬೈಗುಳ. ಮುಳುಗಿದ್ದಕ್ಕಲ್ಲ, ಸದ್ದು ಮಾಡಿದ್ದಕ್ಕೆ.

ಅಂದಿನಿಂದ ಕರಿಯ ಬಂಡೆಯ ಮೇಲೆ ಕೂತು, ಮಡಿಲಲ್ಲಿ ಸಣ್ಣ ಕಲ್ಲುಗಳನ್ನಿಟ್ಟುಕೊಂಡು ಪಾಠ ಹೇಳತೊಡಗಿದ. ನೀರು ಚಿಮ್ಮಿದರೆ ತಲೆಯ ಮೇಲೆ ಒಂದು ಕಲ್ಲು. ಕೆಮ್ಮಿದರೆ ಒಂದು ಕಲ್ಲು. ನಕ್ಕರೆ ಎರಡು. ನೋವಾಗುವಂತೆ ಎಸೆಯುತ್ತಿರಲಿಲ್ಲ. ಆದರೂ ಪ್ರತಿ ಕಲ್ಲಿಗೂ ಕುಂಜಿಗೆ ನಾಚಿಕೆಯಾಗುತ್ತಿತ್ತು, ಆ ನಾಚಿಕೆಗೇ ಅವಳು ಬೇಗ ಕಲಿತಳು.

ಅಪ್ಪನ ಹಟಕ್ಕೆ ಕಾರಣವಿತ್ತು. ಕರಿಯನಿಗೊಬ್ಬಳು ತಂಗಿಯಿದ್ದಳು. ಅದೇ ಹಳ್ಳದಲ್ಲಿ ಗೆಳತಿಯರ ಮೇಲೆ ನೀರೆರಚಿ ಕೇಕೆ ಹಾಕಿ ನಗುತ್ತಿದ್ದಾಗ, ಮರಿಯ ಜೊತೆ ನೀರಿಗೆ ಬಂದಿದ್ದ ಹೆಣ್ಣಾನೆ ಆ ಸದ್ದಿಗೆ ಬೆದರಿ ನುಗ್ಗಿತು. ಗೆಳತಿಯರು ಓಡಿದರು. ತಂಗಿ ಎಡವಿದಳು. ಕರಿಯ ಅವಳನ್ನು ಕಂಬಳಿಯಲ್ಲಿ ಕಟ್ಟಿ ಮನೆಗೆ ತಂದ. ಹೊಳೆಯಲ್ಲಿ ನಗುವ ಹೆಣ್ಣುಮಕ್ಕಳನ್ನು ಕಂಡರೆ ಅವನಿಗೆ ಈಗಲೂ ಮೈ ನಡುಗುತ್ತದೆ.

ಆನೆ ಎಂಬ ಹೆಸರನ್ನು ಆ ಹಾಡಿಯವರು ಕಾಡಿನಲ್ಲಿ ಎತ್ತುವುದಿಲ್ಲ, 'ದೊಡ್ಡೋರು' ಅನ್ನುತ್ತಾರೆ. ನೀರಿನಲ್ಲಿರುವಾಗ ದೊಡ್ಡೋರು ಬಂದರೆ ಏನು ಮಾಡಬೇಕು ಎಂಬುದು ಪಾಠದ ಮುಖ್ಯ ಭಾಗ. ಓಡಬಾರದು, ದಡಕ್ಕೆ ಈಜಬಾರದು. ಕೈಗೆ ಸಿಕ್ಕ ಬೇರನ್ನೋ ಕಲ್ಲನ್ನೋ ಹಿಡಿದು, ಮೂಗಿನವರೆಗೆ ಮುಳುಗಿ, ಅವರು ಕುಡಿದು ಹೋಗುವವರೆಗೆ ಅಲ್ಲೇ ಇರಬೇಕು. ದಡದಲ್ಲಿರುವ ಹಿರಿಯರು ಅಂಗೈಯನ್ನು ಕೆಳಗಿಳಿಸಿ ತೋರಿಸುತ್ತಾರೆ; ಮತ್ತೆ ಅವರು ಹೇಳುವವರೆಗೆ ಹಿಡಿದದ್ದನ್ನು ಬಿಡಬಾರದು. ಕುಂಜಿ ಚಿಕ್ಕವಳಿದ್ದಾಗ ಒಮ್ಮೆ ಹಾಗೆ ಮುಳುಗಿ ಕೂತಿದ್ದಳು. ಕಿವಿಯ ಹಿಂದೆ ಜಿಗಣೆ ಹತ್ತಿ ಉಬ್ಬುತ್ತಿದ್ದರೂ ಮಿಸುಕಲಿಲ್ಲ. ಸಂಜೆ ಕರಿಯ ಹಾಡಿಯ ಪ್ರತಿ ಮನೆಯ ಮುಂದೆ ನಿಂತು ಆ ಕಥೆ ಹೇಳಿದ. ಮಗಳನ್ನು ಅವನು ಬಾಯಿಬಿಟ್ಟು ಹೊಗಳಿದ್ದು ಅದೊಂದೇ ಸಲ, ಕುಂಜಿ ಅದನ್ನು ಮರೆಯಲಿಲ್ಲ.

ಮುಂದೆ ಅವಳು ಮಸಿನಗುಡಿಯ ಮಣಿಯನ್ನು ಮದುವೆಯಾದಳು. ಮಣಿ ಜೀಪು ಓಡಿಸುವವನು. ಎಂಥ ಕಲ್ಲುಹಾದಿಯಲ್ಲೂ ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸುವ ಈ ಶೂರ ಬಕೆಟ್ಟಿಗಿಂತ ಆಳದ ನೀರಿಗೆ ಇಳಿದವನಲ್ಲ. ಹಾಗಾಗಿ ಮಕ್ಕಳಿಗೆ ಈಜು ಕಲಿಸುವ ಕೆಲಸ ಕುಂಜಿಯ ಪಾಲಿಗೇ ಬಂತು. ಕಲಿಸದೆ ಇರುವಂತೆಯೂ ಇರಲಿಲ್ಲ. ಸೌದೆ ಆಚೆ ದಡದಲ್ಲಿ, ಶಾಲೆಗೆ ಹೋಗುವ ಅಡ್ಡಹಾದಿ ಹಳ್ಳ ದಾಟಿ, ಬಟ್ಟೆ ಒಗೆಯುವುದು ಹಳ್ಳದಲ್ಲಿ. ಹಳ್ಳದ ದಂಡೆಯಲ್ಲಿ ಹುಟ್ಟಿದ ಕೂಸಿಗೆ ನೀರು ಗೊತ್ತಿಲ್ಲದಿದ್ದರೆ ಹೇಗೆ?

ದೊಡ್ಡವನು ಶಕ್ತಿವೇಲ್. ನೀರಿಗೆ ಇಳಿದರೆ ಸಾಕು, ನಗು. ಮೀನು ಕಾಲಿಗೆ ತಾಗಿದರೆ ನಗು, ತಂಗಿ ಮೋನಿಷಾ ದಡದಲ್ಲಿ ಜಾರಿ ಬಿದ್ದರೆ ನಗು, ಏನೂ ಆಗದಿದ್ದರೂ ನಗು. ಕುಂಜಿ ಬಂಡೆಯ ಮೇಲೆ ಕೂತು, ಸೆರಗಿನಲ್ಲಿ ಕಲ್ಲು ತುಂಬಿಕೊಂಡು, ಅಪ್ಪ ಕಲಿಸಿದಂತೆಯೇ ಕಲಿಸಿದಳು.

"ಬಾಯಿ ಮುಚ್ಚೋ. ನೀರಲ್ಲಿ ಹಲ್ಲು ತೋರಿಸ್ಬೇಡ."

"ನೀನೇ ನಗ್ತಿದ್ದೀಯಲ್ಲವ್ವ."

"ನಾನು ದಡದಲ್ಲಿದ್ದೀನಿ. ಮುಚ್ಚು ಬಾಯಿ."

ಆ ನಗು ನಿಲ್ಲಲು ಒಂದಿಡೀ ಬೇಸಿಗೆ ಬೇಕಾಯಿತು. ನಿಂತ ದಿನ ಶಕ್ತಿವೇಲ್ ಈ ದಂಡೆಯಿಂದ ಆ ದಂಡೆಗೆ ಒಂದು ಹನಿ ಚಿಮ್ಮದಂತೆ ಹೋಗಿ ಬಂದ. ಮುದುಕ ಕರಿಯ ಕೋಲೂರಿಕೊಂಡು ನೋಡಲು ಬಂದಿದ್ದ. "ನನ್ನ ಮೊಮ್ಮಗ" ಎಂದಷ್ಟೇ ಹೇಳಿ ಹೋದ. ಕುಂಜಿಗೆ ಎದೆ ತುಂಬಿ ಬಂತು.

ಕಳೆದ ವರ್ಷ, ದೀಪಾವಳಿಯ ಆಸುಪಾಸು, ಐಪ್ಪಸಿ ತಿಂಗಳ ಒಂದು ಭಾನುವಾರ. ಹಾಡಿಯಲ್ಲಿ ಚುರುಗುಟ್ಟುವ ಬಿಸಿಲು. ಊಟಿಯ ಕಡೆ ಬೆಟ್ಟದ ತಲೆ ಮಾತ್ರ ಕಪ್ಪಗಿತ್ತು. ಬೆಟ್ಟದ ಮೇಲೆ ಮಳೆ ಸುರಿದು ಕೆಳಗೆ ಒಂದು ಹನಿಯೂ ಬೀಳದಿರುವುದು ಅಲ್ಲಿಯವರಿಗೆ ಹೊಸದಲ್ಲ. ಕುಂಜಿ ಒಗೆಯುವ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದಳು. ಮೋನಿಷಾ ಪಕ್ಕದಲ್ಲಿ ಸೋಪಿನ ನೊರೆ ಊದುತ್ತಿದ್ದಳು. ಶಕ್ತಿವೇಲ್ ನಡುಹಳ್ಳದ ಬಂಡೆಯ ಸುತ್ತ ಈಜುತ್ತಿದ್ದ.

ಮೊದಲು ಕಂಡದ್ದು ಕುಂಜಿಗೇ. ಎದುರು ದಡದ ಬಿದಿರು ಬಾಗಿತು, ಹೆಣ್ಣಾನೆಯೊಂದು ಹೊರಬಂತು, ಹಿಂದೆಯೇ ಇನ್ನೂ ಮೂರ್ನಾಲ್ಕು, ಅವುಗಳ ಕಾಲಿನ ನಡುವೆ ಒಂದು ಮರಿ. ಕುಂಜಿ ಬಟ್ಟೆಯನ್ನು ನಿಧಾನಕ್ಕೆ ಕೆಳಗಿಟ್ಟಳು. ಮೋನಿಷಾಳನ್ನು ಎಳೆದುಕೊಂಡು ಕಲ್ಲಿನ ಮರೆಗೆ ಕೂತಳು. ಮಗ ಅವಳ ಕಡೆ ನೋಡಿದ. ಅವಳು ಅಂಗೈಯನ್ನು ಕೆಳಗಿಳಿಸಿ ತೋರಿಸಿದಳು. ಅವನು ಬಂಡೆಯ ಬಿರುಕಿಗೆ ಬೆರಳು ಸೇರಿಸಿ ಹಿಡಿದು, ಮೂಗಿನವರೆಗೆ ಮುಳುಗಿದ. ಒಂದು ಅಲೆಯೂ ಏಳಲಿಲ್ಲ.

ಗಾಳಿ ಆ ಕಡೆಯಿಂದ ಈ ಕಡೆಗಿತ್ತು. ವಾಸನೆಯ ಭಯವಿರಲಿಲ್ಲ. ಆನೆಗಳು ನೀರು ಕುಡಿದವು. ಮರಿ ನೀರಿಗಿಳಿದು ಆಟಕ್ಕೆ ನಿಂತಿತು. ಕುಂಜಿ ಕಣ್ಣು ಕದಲಿಸದೆ ಆ ಹೆಣ್ಣಾನೆಯನ್ನೇ ನೋಡುತ್ತಿದ್ದಳು. ಅದರ ಕಿವಿ ಅರಳಿತೆಂದರೆ ಕೆಟ್ಟಿತು ಎಂದು ಅಪ್ಪ ಹೇಳಿಕೊಟ್ಟಿದ್ದ. ಅಷ್ಟು ಹೊತ್ತು ಅವಳು ಮಗನ ಕಡೆ ನೋಡಲಿಲ್ಲ. ನೋಡುವ ಅಗತ್ಯವೇ ಇಲ್ಲ ಎಂಬಷ್ಟು ನಂಬಿಕೆ ಅವನ ಮೇಲೆ. ಎಂಥ ಮಗ, ಉಸಿರು ಕೂಡ ಕೇಳಿಸುತ್ತಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದಳು.

ಒಗೆಯುವ ಕಲ್ಲಿನ ಬುಡದಲ್ಲಿ ತರಗೆಲೆ ತೇಲಿಹೋಯಿತು. ಆಮೇಲೆ ಕಡ್ಡಿಗಳು, ನೊರೆ. ಕೆಳಗಿಟ್ಟಿದ್ದ ಬಟ್ಟೆ ತಾನಾಗಿ ಎದ್ದು ಹೊರಟಿತು. ನೀರು ಚಹದ ಬಣ್ಣಕ್ಕೆ ತಿರುಗಿತ್ತು. ಬೆಟ್ಟದ ಮಳೆ ಹಳ್ಳಕ್ಕೆ ಬಂದಿದೆ ಎಂದು ಕುಂಜಿಗೆ ಆಗ ಹೊಳೆಯಿತು.

ಬಂಡೆಯ ಕಡೆ ತಿರುಗಿದಳು. ಮೂಗು ಕಾಣಲಿಲ್ಲ. ನೆತ್ತಿಯ ಕೂದಲು ಕಂಡಿತು, ಬಿರುಕಿನಲ್ಲಿ ಕೈ ಕಂಡಿತು. ಶಕ್ತಿವೇಲ್‌ಗೆ ಈಜು ಬರುತ್ತಿತ್ತು. ಕೈ ಬಿಟ್ಟಿದ್ದರೆ ನೀರು ಅವನನ್ನು ಕೆಳಗಿನ ತಿರುವಿಗೆ ಒಯ್ಯುತ್ತಿತ್ತು, ಅಲ್ಲಿ ಮರಳಿನ ದಡವಿದೆ, ಎದ್ದು ಬರುತ್ತಿದ್ದ. ಆದರೆ ಹಿಡಿದುಕೊಂಡಿರು ಎಂದು ಅವ್ವ ತೋರಿಸಿದ್ದಳು, ಬಿಡು ಎಂದು ಇನ್ನೂ ತೋರಿಸಿರಲಿಲ್ಲ. ಕುಂಜಿ ಎರಡೂ ಕೈ ಎತ್ತಿ ಬೀಸಿದಳು. ನೀರಿನೊಳಗಿನ ಕಣ್ಣಿಗೆ ಅದು ಹೇಗೆ ಕಂಡೀತು? ಬೇಕಾಗಿದ್ದದ್ದು ಒಂದೇ ಮಾತು: ಬಿಡೋ. ಅವಳು ಬಾಯಿ ತೆರೆದಳು.

ದನಿ ಬರಲಿಲ್ಲ. ಆನೆಗೆ ಹೆದರಿ ತಡೆದದ್ದಲ್ಲ, ಮಡಿಲಲ್ಲಿ ಮಗಳಿದ್ದಾಳೆ ಎಂದು ಯೋಚಿಸಿ ತಡೆದದ್ದೂ ಅಲ್ಲ. ಬಾಯಿ ತೆರೆದೇ ಇತ್ತು, ಗಂಟಲು ಒಣಕಟ್ಟಿಗೆಯಾಗಿತ್ತು. ಹಳ್ಳದ ಬಳಿ ಕೂಗುವುದೆಂದರೆ ಏನೆಂಬುದನ್ನು ಆ ಗಂಟಲು ಯಾವತ್ತೂ ಕಲಿತಿರಲಿಲ್ಲ. ಅವಳು ಮಗಳನ್ನು ದಡದ ಮೇಲಕ್ಕೆ ತಳ್ಳಿ ನೀರಿಗಿಳಿದಳು. ಮಗ ಮುಳುಗುತ್ತಿದ್ದಾಗ ಕೂಡ ಅವಳು ಈಜಿದ್ದು ಹನಿ ಚಿಮ್ಮದಂತೆಯೇ.

ತಲುಪುವಷ್ಟರಲ್ಲಿ ಬಂಡೆಯೇ ಮುಳುಗಿತ್ತು. ಮುಳುಗು ಹಾಕಿ ತಡಕಿದಳು. ನೀರಿನ ನೂಕಿಗೆ ಬಂಡೆಗೆ ಅಂಟಿಕೊಂಡಿದ್ದ ಮಗ ಸಿಕ್ಕಿದ. ಬೆರಳುಗಳು ಇನ್ನೂ ಬಿರುಕಿನಲ್ಲೇ ಇದ್ದವು. ಅವನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಕೆಳಗಿನ ತಿರುವಿನ ಮರಳಿಗೆ ಅವನನ್ನು ಎಳೆದು ತಂದು, ಬೋರಲು ಮಲಗಿಸಿ ಬೆನ್ನು ಒತ್ತಿದಳು, ಮಗುಚಿ ಎದೆ ಒತ್ತಿದಳು. ಎದುರು ದಡದಲ್ಲಿ ಆನೆಗಳು ಏರುವ ನೀರಿನಿಂದ ಮರಿಯನ್ನು ಹಿಂದಕ್ಕೆ ತಳ್ಳಿಕೊಂಡು, ಅವಳ ಕಡೆ ನೋಡದೆ, ಬಿದಿರಿನೊಳಗೆ ಹೋದವು.

ಹಾಡಿಯವರು ಬಂದರು. ದುಃಖದ ಮನೆಗೆ ಬಂದವರು ಏನಾದರೂ ಒಳ್ಳೆಯ ಮಾತು ಹೇಳಬೇಕಲ್ಲ, ಹೇಳಿದರು. ಎಂಥ ಕೂಸು, ಪ್ರಾಣ ಹೋಗುವಾಗಲೂ ಸದ್ದು ಮಾಡಲಿಲ್ಲ, ಅವ್ವನನ್ನೂ ತಂಗಿಯನ್ನೂ ಉಳಿಸಿ ಹೋದ. ಅರಣ್ಯ ಇಲಾಖೆಯ ಗಾರ್ಡೊಬ್ಬ ಕೂಡ ಟೋಪಿ ತೆಗೆದು ಅದನ್ನೇ ಹೇಳಿದ. ಒಬ್ಬೊಬ್ಬರು ಹೊಗಳಿದಾಗಲೂ ಕುಂಜಿಗೆ ಅವರ ಮುಖಕ್ಕೆ ಮಣ್ಣು ಎರಚಬೇಕು ಅನ್ನಿಸುತ್ತಿತ್ತು. ಎರಚಲಿಲ್ಲ. ಬಂದವರಿಗೆ ಕಾಪಿ ಕಾಯಿಸಿ ಕೊಟ್ಟಳು.

ಮಣಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನು ಕೂಸನ್ನ ನೀರಿಗೆ ಇಳಿಸ್ಬೇಡ" ಎಂದಷ್ಟೇ ಹೇಳಿ, ಹಳ್ಳಕ್ಕೆ ಹೋಗುವ ಕಾಲುಹಾದಿಗೆ ಮುಳ್ಳು ತಂದು ಹಾಕಿದ. ಮೋನಿಷಾ ಮಾತನ್ನೇ ಕಡಿಮೆ ಮಾಡಿದಳು. ಶಾಲೆಯಲ್ಲಿ ಹಾಜರಿ ಕೂಗಿದಾಗ ಕೈ ಎತ್ತುತ್ತಾಳೆ, ದನಿ ಬರುವುದಿಲ್ಲ ಎಂದು ಟೀಚರು ಹೇಳಿ ಕಳಿಸಿದರು.

ಒಂದು ಸಂಜೆ ಕುಂಜಿ ಅಪ್ಪನ ಜಗುಲಿಗೆ ಹೋಗಿ ಕೂತಳು.

"ಅಪ್ಪ, ಒಂದು ಮಾತು ಕೂಗಿದ್ರೆ ಸಾಕಿತ್ತು."

"ಕೂಗಿದ್ರೆ ಮೂವರೂ ಹೋಗ್ತಿದ್ರಿ."

"ನಿನಗೇನು ಗೊತ್ತು?"

"ನನ್ನ ತಂಗಿ ನಕ್ಕಳು, ಹೋದಳು. ಗೊತ್ತು ನನಗೆ."

"ನನ್ನ ಮಗ ನಗಲಿಲ್ಲ. ಹೋದ."

ಕರಿಯ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಇಷ್ಟು ವರ್ಷ ಒಂದೇ ಒಂದು ಸಾವನ್ನು ಹಿಡಿದುಕೊಂಡು ಇಡೀ ಹಾಡಿಯ ಮಕ್ಕಳ ಬಾಯಿ ಮುಚ್ಚಿಸಿದ ಮುದುಕ ಅವನು. ಅವನನ್ನು ದ್ವೇಷಿಸಬೇಕೆಂದು ಕುಂಜಿ ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಕತ್ತಲಾಗುವ ಮುಂಚೆ ಅವನ ಹೆಗಲಿಗೆ ಕಂಬಳಿ ಹೊದಿಸಿ ಎದ್ದುಬಂದಳು.

ಕೆಲಸಕ್ಕೆ ಅವಳು ಹೋಗುತ್ತಿದ್ದದ್ದು ಮಸಿನಗುಡಿಯ ಹತ್ತಿರದ ಒಂದು ರೆಸಾರ್ಟಿಗೆ, ಗುಡಿಸಿ ಒರೆಸಲು. ಅಲ್ಲೊಂದು ಈಜುಕೊಳವಿದೆ. ನೀಲಿ ಹಂಚು, ನೀಲಿ ನೀರು. ಒಳಗೆ ಮೀನೂ ಇಲ್ಲ, ಜಿಗಣೆಯೂ ಇಲ್ಲ. ಕೊಯಮತ್ತೂರು, ಬೆಂಗಳೂರಿನ ಮಕ್ಕಳಿಗೆ ಗಿರಿಧರನ್ ಎಂಬವನು ಕೊರಳಿಗೆ ಸೀಟಿ ಹಾಕಿಕೊಂಡು ಈಜು ಕಲಿಸುತ್ತಾನೆ. ಆ ಮಕ್ಕಳು ಮಾಡುವ ಗದ್ದಲವನ್ನು ಕೇಳಬೇಕು. ನೀರಿಗೆ ಕಾಲಿಟ್ಟರೆ ಕಿರುಚು, ತೆಗೆದರೆ ಕಿರುಚು. ಮೊದಲೆಲ್ಲ ಕುಂಜಿಗೆ ಅದನ್ನು ಕೇಳಿದರೆ ನಗು ಬರುತ್ತಿತ್ತು, ಈ ಸೈನ್ಯ ನಮ್ಮ ಹಳ್ಳಕ್ಕೆ ಬಂದರೆ ಒಂದು ದಿನವೂ ಬದುಕುವುದಿಲ್ಲ ಎಂದುಕೊಳ್ಳುತ್ತಿದ್ದಳು.

ಮಗ ಹೋದ ಮೇಲೆ ಕೆಲಸಕ್ಕೆ ಮರಳಿದ ವಾರ. ಒಬ್ಬ ದುಂಡನೆಯ ಹುಡುಗ ಕೊಳದಲ್ಲಿ ಜಾರಿದ. "ಮಮ್ಮೀ!" ಎಂದು ಕೂಗಿದ ಕೂಗಿಗೆ ಅಡುಗೆಮನೆಯವರೆಲ್ಲ ಹೊರಗೆ ಬಂದರು. ಅಪ್ಪ ಮೊಬೈಲಿನ ಸಮೇತ ನೀರಿಗೆ ಹಾರಿದ, ಅಮ್ಮ ಹಾರಿದಳು, ಗಿರಿಧರನ್ ಹಾರಿದ, ಯಾರೋ ಗುರುತಿಲ್ಲದವರು ಕೂಡ ಹಾರಿದರು. ನೋಡಿದರೆ ಹುಡುಗನಿಗೆ ಎದೆಮಟ್ಟದ ನೀರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಂಜಿ ಪೊರಕೆ ಹಿಡಿದು ನಿಂತಲ್ಲೇ ನಿಂತಳು. ಅವಳಿಗೆ ಆ ಹುಡುಗನ ಮೇಲೆ ಹೊಟ್ಟೆಕಿಚ್ಚಾಯಿತು. ಬಟ್ಟೆಗಲ್ಲ, ಬಣ್ಣಕ್ಕಲ್ಲ, ಆ ಕೂಗಿಗೆ.

ಗಿರಿಧರನ್ ತಲೆ ಒರೆಸಿಕೊಳ್ಳುತ್ತ ಹತ್ತಿರ ಬಂದ. "ನಗ್ಲಿ ಬಿಡಕ್ಕ. ನಾನು ಫಸ್ಟು ಕಲಿಸೋದೇ ಇದು. ಭಯ ಆದ್ರೆ ಕೂಗು. ಈಜು ಆಮೇಲೆ."

ಆ ಮಾತು ಅವಳನ್ನು ಬಿಡಲಿಲ್ಲ. ಪಾತ್ರೆ ತೊಳೆಯುವಾಗಲೂ ಅದೇ, ಅನ್ನ ಬಸಿಯುವಾಗಲೂ ಅದೇ. ಮುಳ್ಳು ಹಾಕಿದರೆ ಹಳ್ಳ ಬತ್ತುವುದಿಲ್ಲ. ಮೋನಿಷಾ ಇಂದಲ್ಲ ನಾಳೆ ನೀರಿಗೆ ಇಳಿಯುವವಳೇ. ಈಜು ಅವಳಿಗೆ ಆಗಲೇ ಅರ್ಧ ಬರುತ್ತದೆ, ಕೂಗುವುದು ಬರುವುದಿಲ್ಲ. ಉಳಿದ ಒಂದು ಕೂಸಿಗೆ ಅದೊಂದನ್ನು ಕಲಿಸದಿದ್ದರೆ ತಾನು ಅವ್ವನಾಗಿ ಯಾಕೆ ಇರಬೇಕು ಎಂದು ಕುಂಜಿಗೆ ಅನ್ನಿಸಿತು.

ಮಣಿ ಪ್ರವಾಸಿಗರನ್ನು ಕರೆದುಕೊಂಡು ಜೀಪಿನಲ್ಲಿ ಹೋದ ಒಂದು ಮಧ್ಯಾಹ್ನ, ಅವಳು ಮುಳ್ಳು ಸರಿಸಿ ಮಗಳನ್ನು ಹಳ್ಳಕ್ಕೆ ಕರೆದುಕೊಂಡು ಹೋದಳು. ಬೇಸಿಗೆ. ಬೆಟ್ಟದ ತಲೆ ತಿಳಿಯಾಗಿತ್ತು. ಎದುರು ದಡದ ಬಿದಿರನ್ನು ತುಂಬಾ ಹೊತ್ತು ನೋಡಿ, ಏನೂ ಇಲ್ಲವೆಂದು ಗೊತ್ತಾದ ಮೇಲೆ ಇಬ್ಬರೂ ಇಳಿದರು. ನೀರು ಮಗಳ ಎದೆಯವರೆಗಿತ್ತು.

"ಕೂಗು ಕೂಸೇ."

ಮೋನಿಷಾ ಅವ್ವನ ಮುಖ ನೋಡಿದಳು.

"ಅವ್ವಾ ಅಂತ ಕೂಗು. ಜೋರಾಗಿ. ಯಾರೂ ಬೈಯಲ್ಲ."

ಮಗಳು ಬಾಯಿ ತೆರೆದಳು. ಒಳಗಿನ ಹಲ್ಲು ಕಂಡಿತು, ನಾಲಿಗೆ ಕಂಡಿತು. ದನಿ ಬರಲಿಲ್ಲ.

"ಕಲ್ಲು ಎಸೀತೀನಿ ಅಂತ ಭಯನಾ? ಎಸೆಯಲ್ಲ. ನೋಡು, ಕೈಲಿ ಏನೂ ಇಲ್ಲ."

ಮುದ್ದಿಸಿ ಹೇಳಿದಳು. ಕೂಗಿದರೆ ಮಿಠಾಯಿ ಅಂದಳು. ಕೊನೆಗೆ ಗದರಿದಳು. ಮಗಳ ತುಟಿ ಅಲುಗಿತೇ ಹೊರತು ಹಳ್ಳದ ಮೇಲೆ ಒಂದು ಸದ್ದು ಏಳಲಿಲ್ಲ. ಕುಂಜಿಗೆ ಇವಳೂ ಹೋಗುತ್ತಾಳೆ, ಇವಳೂ ಹೀಗೇ ಬಾಯಿ ತೆರೆದುಕೊಂಡು ಹೋಗುತ್ತಾಳೆ ಎಂದು ಅನ್ನಿಸಿದ್ದೇ ತಡ, ಮಗಳ ನೆತ್ತಿಯ ಮೇಲೆ ಕೈಯಿಟ್ಟು ನೀರಿನೊಳಗೆ ಅದುಮಿಬಿಟ್ಟಳು. ಉಸಿರು ಕಟ್ಟಿದರೆ ಕೂಗಿಯೇ ಕೂಗುತ್ತಾಳೆ ಎಂಬುದು ಆ ಗಳಿಗೆಯ ಬುದ್ಧಿ. ಅದನ್ನು ಬುದ್ಧಿ ಎನ್ನುವುದಾದರೆ.

ಕೈ ತೆಗೆದಾಗ ಮೋನಿಷಾ ಮೇಲೆ ಬಂದಳು. ಮೂಗಿನಿಂದ ನೀರು ಇಳಿಯುತ್ತಿತ್ತು, ಕಣ್ಣು ಕೆಂಪಾಗಿತ್ತು. ಅವಳು ಕೆಮ್ಮಲೂ ಇಲ್ಲ. ಕೈ ಚಾಚಿ ಪಕ್ಕದ ಹೊಂಗೆಯ ಬೇರು ಹಿಡಿದಳು. ಹಿಡಿದು, ನಿಧಾನಕ್ಕೆ, ಮೂಗಿನವರೆಗೆ ಮುಳುಗಿದಳು. ಅಲ್ಲಿಂದ ಕಣ್ಣು ಮಿಟುಕಿಸದೆ ಅವ್ವನನ್ನೇ ನೋಡುತ್ತ ನಿಂತಳು.

ಮಗಳು ತನ್ನಿಂದ ಅಡಗಿದ್ದಾಳೆ ಎಂದು ಕುಂಜಿಗೆ ಅರ್ಥವಾಯಿತು. ಅವಳು ಎರಡು ಕೈಯನ್ನೂ ನೀರಿನೊಳಗೆ ಇಳಿಬಿಟ್ಟು ಹಿಂದೆ ಹಿಂದೆ ಸರಿದಳು. ದಡಕ್ಕೆ ಹತ್ತಿ, ಮಗಳಿಗೆ ಬೆನ್ನು ಹಾಕಿ ಮರಳಿನ ಮೇಲೆ ಕೂತಳು. ತಾನು ದೂರ ಹೋದರೆ ತಾನೇ ಕೂಸು ಬೇರು ಬಿಡುವುದು.

ಅಲ್ಲಿ ಕೂತಾಗ ಅದು ಬಂತು. ಕರೆಯಲಿಲ್ಲ, ಹುಡುಕಲಿಲ್ಲ, ತಾನಾಗಿ ಎದೆಯ ತಳದಿಂದ ಹೊರಟು ಒಣಗಿದ ಗಂಟಲನ್ನು ಸೀಳಿಕೊಂಡು ಬಂತು.

"ಶಕ್ತೀ! ಬಿಡೋ! ಕೈ ಬಿಡೋ ಮಗಾ!"

ಹಳ್ಳದ ಎರಡು ದಡಕ್ಕೂ ಬಡಿದು ಕೂಗು ತಿರುಗಿ ಬಂತು. ಮತ್ತಿ ಮರದ ಕೋತಿಗಳು ಕಿರುಚುತ್ತ ಚದುರಿದವು. ಎಲ್ಲೋ ಒಂದು ಕಡವೆ ಬೆದರಿ ಕೂಗಿತು. ಕುಂಜಿ ಮತ್ತೆ ಕೂಗಿದಳು, ಮತ್ತೆ ಕೂಗಿದಳು. ನಿಲ್ಲಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ, ನಿಲ್ಲಿಸುವ ಮನಸ್ಸೂ ಇರಲಿಲ್ಲ.

ಹಿಂದಿನಿಂದ ಯಾರೋ ಅವಳ ಕೊರಳಿಗೆ ಬಿದ್ದರು. ನೀರು ತೊಟ್ಟಿಕ್ಕುತ್ತಿದ್ದ ಮೋನಿಷಾ. ಬೇರು ಬಿಟ್ಟು ಓಡಿ ಬಂದಿದ್ದಳು. ಕಣ್ಣು ಎದುರು ದಡದ ಬಿದಿರಿನ ಮೇಲಿತ್ತು. ಅವಳು ತನ್ನ ಎರಡೂ ಅಂಗೈಗಳನ್ನು ಅವ್ವನ ಬಾಯಿಯ ಮೇಲಿಟ್ಟು ಒತ್ತಿ ಹಿಡಿದಳು.

"ಸುಮ್ಕಿರವ್ವ" ಎಂದಳು, ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಸುಮ್ಕಿರು. ದೊಡ್ಡೋರು ಬತ್ತಾರೆ."